ಬೆಕ್ಕಿಗೆ ನೀರು ತಿನ್ನಿಸುವ ಉಪಾಯ

ಬೆಕ್ಕು ಸಾಕಿದವರು ಸಿಕ್ಕಾಗಲೆಲ್ಲ ಕೇಳಿಬರುವ ದೂರು ಒಂದೇ: “ನಮ್ಮದು ನೀರೇ ಮುಟ್ಟುವುದಿಲ್ಲ.” ನಾನು ತಿರುಗಿ ಕೇಳುವುದೂ ಒಂದೇ: “ತಿನ್ನುವುದೇನು?” ಒಣ ಕಾಳು (ಅಂಗಡಿಯಲ್ಲಿ ಸಿಗುವ ಬೆಕ್ಕಿನ ಡ್ರೈ ಫುಡ್) ಎಂದರೆ ಕುಳಿತು ಮಾತನಾಡಬೇಕಾಗುತ್ತದೆ. ಡಬ್ಬಿಯ ಅಥವಾ ಪೊಟ್ಟಣದ ವೆಟ್ ಫುಡ್ ಎಂದರೆ, ಬಟ್ಟಲಿನ ಕಡೆ ತಲೆಯನ್ನೇ ಹಾಕದ ಬೆಕ್ಕಿಗೂ ಬೇಕಾದಷ್ಟು ನೀರು ಸಿಗುತ್ತಿರಬಹುದು. ಬೆಕ್ಕಿನ ನೀರಿನ ಮಾತು ಬಂದರೆ ಜನ ಬಟ್ಟಲು, ಕಾರಂಜಿ (ಪಂಪಿನಿಂದ ನೀರು ಹರಿಸುವ ಪಾತ್ರೆ), ಫಿಲ್ಟರ್ ಎಂದು ಹೊರಡುತ್ತಾರೆ. ನನ್ನ ಮಟ್ಟಿಗೆ ಅವೆಲ್ಲ ಎರಡನೆಯ ಪಂಕ್ತಿಗೆ ಸೇರಿದವು. ಮೊದಲ ಪಂಕ್ತಿ ಊಟದ ತಟ್ಟೆಯದು.

ಔಷಧದ ಅಂಗಡಿಯಲ್ಲಿ ಬಹುಕಾಲ ಕೆಲಸ ಮಾಡಿದವಳು ನಾನು, ಎಲ್ಲವನ್ನೂ ಮಿಲಿಲೀಟರಿನಲ್ಲಿ ಯೋಚಿಸುವ ಚಟ ಇನ್ನೂ ಬಿಟ್ಟಿಲ್ಲ. ಲೆಕ್ಕ ಹೀಗಿದೆ. ಆರೋಗ್ಯವಾಗಿರುವ ಬೆಕ್ಕಿಗೆ ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ ಸುಮಾರು 50 ಮಿಲಿಲೀಟರ್ ನೀರು ಬೇಕು. ನಾಲ್ಕು ಕಿಲೋ ಬೆಕ್ಕಿಗೆ 200 ಮಿಲಿಲೀಟರ್ ಆಯಿತು. ಇದು ಕುಡಿಯುವ ನೀರಿನ ಲೆಕ್ಕವಲ್ಲ, ಊಟದಲ್ಲಿರುವುದೂ ಸೇರಿ ಒಟ್ಟು ಲೆಕ್ಕ. ಒಣ ಕಾಳಿನಲ್ಲಿ ನೀರಿನ ಅಂಶ ಶೇಕಡಾ 6ರಿಂದ 10. ದಿನಕ್ಕೆ 60 ಗ್ರಾಂ ಕಾಳು ತಿಂದರೆ ಅದರಿಂದ ಸಿಗುವ ನೀರು ಒಂದು ಚಹಾ ಚಮಚದಷ್ಟು. ಅಷ್ಟೇ ಶಕ್ತಿ ಕೊಡುವ ವೆಟ್ ಫುಡ್ 240 ಗ್ರಾಂ ತೂಗಿದರೆ ಅದರಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ನೀರೇ, ಅಂದರೆ 180 ಮಿಲಿಲೀಟರ್‌ಗೂ ಮೇಲೆ. ಒಂದು ಹನಿ ಕುಡಿಯದೆಯೇ ದಿನದ ಪಾಲು ಬಹುತೇಕ ಮುಗಿಯಿತು.

ಒಣ ಕಾಳು ತಿನ್ನುವ ಬೆಕ್ಕು ಆ ಕೊರತೆಯನ್ನು ಬಟ್ಟಲಿನಿಂದ ತುಂಬಿಕೊಳ್ಳುವುದಿಲ್ಲವೇ ಎಂದು ಕೇಳಬಹುದು. ಸ್ವಲ್ಪ ಮಟ್ಟಿಗೆ ತುಂಬಿಕೊಳ್ಳುತ್ತದೆ, ಆದರೆ ಪೂರ್ತಿಯಾಗಿ ಅಲ್ಲ. ಮನೆಬೆಕ್ಕಿನ ಪೂರ್ವಜ ಆಫ್ರಿಕಾ ಮತ್ತು ಪಶ್ಚಿಮ ಏಷ್ಯಾದ ಒಣನೆಲದ ಕಾಡುಬೆಕ್ಕು. ಇಲಿ, ಹಕ್ಕಿ ಹಿಡಿದು ತಿಂದು ಅವುಗಳ ಮೈಯಲ್ಲಿದ್ದ ನೀರಿನಲ್ಲೇ ಬದುಕು ಸಾಗಿಸಿದ ಪ್ರಾಣಿ ಅದು. ಅದರ ಮೂತ್ರಪಿಂಡಗಳು ಮೂತ್ರವನ್ನು ಬಹಳ ಗಟ್ಟಿ ಮಾಡಿ ನೀರನ್ನು ಉಳಿಸಿಕೊಳ್ಳುವುದರಲ್ಲಿ ನಿಸ್ಸೀಮ. ಅದಕ್ಕೆ ತಕ್ಕಂತೆ ಬಾಯಾರಿಕೆಯೂ ಮಂದ. ಮೈಯಲ್ಲಿ ನೀರು ಕಡಿಮೆಯಾದ ಕೂಡಲೇ ನಾಯಿ ಓಡಿಹೋಗಿ ಕುಡಿಯುತ್ತದೆ. ಬೆಕ್ಕು ಆಮೇಲೆ ನೋಡೋಣ ಎನ್ನುತ್ತದೆ. ಹಾಗೆ ಮುಂದೂಡುತ್ತಾ ಹೋದಂತೆ ಮೂತ್ರ ಗಟ್ಟಿಯಾಗಿಯೇ ಉಳಿಯುತ್ತದೆ. ಮೂತ್ರಕೋಶದಲ್ಲಿ ಹರಳು, ಉರಿ, ಕಟ್ಟು ಇವುಗಳ ಸಾಧ್ಯತೆ ಹೆಚ್ಚುತ್ತದೆ. ಜೊತೆಗೆ ಮಲಬದ್ಧತೆಯೂ ಕಾಡಬಹುದು.

ಹಾಗಾಗಿ ಮೊದಲ ಕೆಲಸ ಊಟವನ್ನು ಬದಲಿಸುವುದು. ಒಂದೇ ದಿನದಲ್ಲಿ ಬದಲಿಸಲು ಹೋಗಬೇಡಿ. ನನ್ನ ಮನೆಯಲ್ಲಿ ಎರಡು ಬೆಕ್ಕುಗಳಿವೆ. ಬೂದಿ ಎಂಬ ಮುದುಕಿ ಏನು ಇಟ್ಟರೂ ಮೂಸಿ ನೋಡಿ ತಿನ್ನುತ್ತಾಳೆ. ಗುಂಡನದು ಬೇರೆಯೇ ಜಾತಕ. ಕಾಳಿನ ಕುರುಕುರು ಸದ್ದಿಲ್ಲದ ಊಟ ಅವನ ಪಾಲಿಗೆ ಊಟವೇ ಅಲ್ಲ. ಇಂಥ ಬೆಕ್ಕಿಗೆ ವಾರ ಹತ್ತು ದಿನದ ಸಮಯ ಕೊಡಿ. ಮೊದಲು ಕಾಳಿನ ಪಕ್ಕದಲ್ಲಿ, ಬೇರೆ ತಟ್ಟೆಯಲ್ಲಿ, ಒಂದು ಚಮಚ ವೆಟ್ ಫುಡ್ ಇಡಿ. ತಿನ್ನದಿದ್ದರೂ ವಾಸನೆ ಪರಿಚಯವಾಗುತ್ತದೆ. ಆಮೇಲೆ ಅದರ ಮೇಲೆ ನಾಲ್ಕು ಕಾಳನ್ನು ಪುಡಿ ಮಾಡಿ ಉದುರಿಸಿ. ಪುಡಿ ನೆಕ್ಕುವ ನೆಪದಲ್ಲಿ ಕೆಳಗಿನದೂ ನಾಲಿಗೆಗೆ ಹತ್ತುತ್ತದೆ. ನಂತರ ಒಂದನ್ನು ಹೆಚ್ಚಿಸುತ್ತಾ ಇನ್ನೊಂದನ್ನು ಇಳಿಸುತ್ತಾ ಹೋಗಿ. ಫ್ರಿಜ್‌ನಿಂದ ತೆಗೆದ ಆಹಾರವನ್ನು ಹಾಗೆಯೇ ಇಟ್ಟರೆ ಗುಂಡ ಮುಖ ತಿರುಗಿಸುತ್ತಾನೆ. ಬಟ್ಟಲನ್ನು ಬಿಸಿನೀರಿನ ಪಾತ್ರೆಯಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿ, ಬೆರಳಿಗೆ ಉಗುರುಬೆಚ್ಚಗೆ ತಾಗುವಂತೆ ಮಾಡಿ ಇಟ್ಟರೆ ಅದೇ ಆಹಾರವನ್ನು ತಳ ಕಾಣುವಂತೆ ನೆಕ್ಕುತ್ತಾನೆ. ಬೇಟೆಯ ಮೈಬಿಸಿಯನ್ನು ಹೋಲುವ ಬಿಸಿ ಅದು. ಬಿಸಿಯಾದಾಗ ವಾಸನೆಯೂ ಏಳುತ್ತದೆ, ಬೆಕ್ಕು ಊಟವನ್ನು ಆರಿಸುವುದೇ ಮೂಗಿನಿಂದ.

“ಹಸಿದರೆ ತಾನೇ ತಿನ್ನುತ್ತದೆ” ಎಂಬ ಹಟ ಮಾತ್ರ ಬೆಕ್ಕಿನ ಮುಂದೆ ಬೇಡ. ಒಂದೆರಡು ದಿನ ಪೂರ್ತಿ ಉಪವಾಸ ಬಿದ್ದ ಬೆಕ್ಕಿನ, ಅದರಲ್ಲೂ ದಪ್ಪಗಿರುವ ಬೆಕ್ಕಿನ, ಯಕೃತ್ತಿನಲ್ಲಿ ಕೊಬ್ಬು ತುಂಬಿಕೊಂಡು ಜೀವಕ್ಕೇ ಅಪಾಯ ಬರಬಹುದು. ಹೊಸದನ್ನು ತಿನ್ನದಿದ್ದರೆ ಹಳೆಯದನ್ನು ಕೊಟ್ಟು, ನಾಳೆ ಮತ್ತೆ ಪ್ರಯತ್ನಿಸಿ.

ವೆಟ್ ಫುಡ್‌ಗೆ ಒಗ್ಗಿಕೊಂಡ ಮೇಲೆ ಅದಕ್ಕೇ ನೀರು ಬೆರೆಸುವ ಕೆಲಸ ಶುರು. ಮೊದಲ ದಿನ ಒಂದು ಚಹಾ ಚಮಚ ಬೆಚ್ಚಗಿನ ನೀರು ಹಾಕಿ ಫೋರ್ಕಿನಿಂದ ಚೆನ್ನಾಗಿ ಕಲಸಿ. ಗಟ್ಟಿ ಮುದ್ದೆಯ ಬದಿಗೆ ನೀರು ನಿಂತರೆ ಬೆಕ್ಕು ಮುದ್ದೆ ತಿಂದು ನೀರು ಬಿಡುತ್ತದೆ. ಎರಡೂ ಒಂದಾಗಿ, ಚಮಚದಿಂದ ನಿಧಾನಕ್ಕೆ ಜಾರುವ ಗಂಜಿಯ ಹದಕ್ಕೆ ಬರಬೇಕು. ಒಪ್ಪಿದರೆ ಕೆಲವು ದಿನ ಬಿಟ್ಟು ಇನ್ನೊಂದು ಚಮಚ. ಒಪ್ಪದಿದ್ದರೆ ಒಂದು ಹೆಜ್ಜೆ ಹಿಂದಕ್ಕೆ. ಬೂದಿ ಈಗ ಪ್ರತಿ ಊಟಕ್ಕೂ ಎರಡು ದೊಡ್ಡ ಚಮಚ, ಅಂದರೆ ಸುಮಾರು 30 ಮಿಲಿಲೀಟರ್ ನೀರನ್ನು ಗೊಣಗದೆ ಸೇವಿಸುತ್ತಾಳೆ. ಯಾವ ಕಾರಂಜಿಯೂ ಮಾಡದ ಕೆಲಸವಿದು.

ವೆಟ್ ಫುಡ್ ದುಬಾರಿ, ಪೂರ್ತಿ ಬದಲಾಯಿಸಲು ಆಗುವುದಿಲ್ಲ ಎನ್ನುವವರಿಗೆ ಅರ್ಧ ದಾರಿಯೂ ದಾರಿಯೇ. ಒಂದು ಹೊತ್ತು ಕಾಳು, ಒಂದು ಹೊತ್ತು ವೆಟ್. ಇಲ್ಲವೇ ಕಾಳನ್ನೇ ಬೆಚ್ಚಗಿನ ನೀರಿನಲ್ಲಿ ನೆನೆಸಿ ಕೊಡಿ. ಆದರೆ ನೆನೆದ ಕಾಳು ಬೇಗ ಕೆಡುತ್ತದೆ. ಒಂದೆರಡು ಗಂಟೆಯಲ್ಲಿ ತಿನ್ನದೆ ಬಿಟ್ಟದ್ದನ್ನು ಚೆಲ್ಲಿಬಿಡಿ, ಸಂಜೆಗೆ ಎಂದು ಉಳಿಸಬೇಡಿ. ವೆಟ್ ಫುಡ್‌ಗೂ ಇದೇ ನಿಯಮ, ಸೆಕೆಯ ದಿನಗಳಲ್ಲಿ ಇನ್ನೂ ಬಿಗಿಯಾಗಿ.

ಕೋಳಿ ಅಥವಾ ಮೀನು ಬೇಯಿಸಿದ ನೀರನ್ನು ಆರಿಸಿ ಕೊಡುವುದು ಒಳ್ಳೆಯ ಉಪಾಯವೇ, ಅದು ಬರೀ ಮಾಂಸ ಮತ್ತು ನೀರು ಮಾತ್ರ ಆಗಿದ್ದರೆ. ಮನೆಯವರ ಅಡುಗೆಯಿಂದ ಬಸಿದ ಸಾರನ್ನು ಕೊಡಬೇಡಿ. ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಬೇಯಿಸಿದರೂ ಪುಡಿ ಮಾಡಿದರೂ ಆ ಗುಣ ಹೋಗುವುದಿಲ್ಲ. ಅಂಗಡಿಯ ಸೂಪ್ ಪುಡಿ, ಸೂಪ್ ಗಟ್ಟಿಗಳಲ್ಲಿ ಇವೆರಡೂ ಇರುವುದೇ ಹೆಚ್ಚು, ಉಪ್ಪಂತೂ ವಿಪರೀತ. ಬೇಯಿಸಿದ ನೀರನ್ನು ಐಸ್ ಟ್ರೇಯಲ್ಲಿ ಹೆಪ್ಪುಗಟ್ಟಿಸಿಟ್ಟು, ಬೇಕಾದಾಗ ಒಂದೊಂದು ತುಂಡನ್ನು ಕರಗಿಸಿ ಕೊಡುವುದು ನನಗೆ ಅನುಕೂಲ. ಹಾಲಿನ ಬಗ್ಗೆ ಒಂದೇ ಮಾತು: ಬೆಳೆದ ಬೆಕ್ಕುಗಳಲ್ಲಿ ಬಹಳಷ್ಟಕ್ಕೆ ಹಾಲಿನ ಸಕ್ಕರೆ ಜೀರ್ಣವಾಗುವುದಿಲ್ಲ, ಭೇದಿಯಾಗಿ ಇದ್ದ ನೀರೂ ಹೋಗುತ್ತದೆ. ಸಕ್ಕರೆ ನೀರಿನ ಆಸೆ ತೋರಿಸುವವರೂ ಇದ್ದಾರೆ. ಬೆಕ್ಕಿನ ನಾಲಿಗೆಗೆ ಸಿಹಿ ತಿಳಿಯುವುದೇ ಇಲ್ಲ, ಆ ಶ್ರಮ ವ್ಯರ್ಥ.

ಈಗ ಬಟ್ಟಲಿಗೆ ಬರೋಣ. ಬೆಕ್ಕು ನೀರು ಕುಡಿಯುವುದನ್ನು ಹತ್ತಿರದಿಂದ ನೋಡಿದ್ದೀರಾ? ಅದು ನೀರನ್ನು ಮೊಗೆಯುವುದಿಲ್ಲ. ನಾಲಿಗೆಯ ತುದಿ ನೀರಿನ ಮೇಲ್ಮೈಯನ್ನು ಸೋಕಿ ಸರಕ್ಕನೆ ಮೇಲೇಳುತ್ತದೆ. ಅದರ ಹಿಂದೆಯೇ ನೀರಿನ ಸಣ್ಣ ಕಂಬವೊಂದು ಎದ್ದುಬರುತ್ತದೆ. ಅದು ಕೆಳಗೆ ಬೀಳುವಷ್ಟರಲ್ಲಿ ಬಾಯಿ ಮುಚ್ಚಿ ತುದಿಯನ್ನು ಕತ್ತರಿಸಿಕೊಳ್ಳುತ್ತದೆ. ಸೆಕೆಂಡಿಗೆ ಸುಮಾರು ನಾಲ್ಕು ಸಲ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ವಿಜ್ಞಾನಿಯೊಬ್ಬರು ತಮ್ಮದೇ ಬೆಕ್ಕಿನ ಕುಡಿತವನ್ನು ಅತಿವೇಗದ ಕ್ಯಾಮೆರಾದಲ್ಲಿ ಹಿಡಿದು, ಸಂಗಡಿಗರೊಂದಿಗೆ 2010ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಇದನ್ನು ವಿವರಿಸಿದರು. ಒಂದು ಸಲಕ್ಕೆ ಬಾಯಿಗೆ ಹೋಗುವುದು ಒಂದು ಮಿಲಿಲೀಟರಿನ ಹತ್ತನೆಯ ಒಂದು ಭಾಗದ ಆಸುಪಾಸು. ಕಾಳು ತಿನ್ನುವ ಬೆಕ್ಕು 150 ಮಿಲಿಲೀಟರ್ ಕುಡಿಯಬೇಕೆಂದರೆ ಸಾವಿರಕ್ಕೂ ಹೆಚ್ಚು ಸಲ ನಾಲಿಗೆ ಆಡಿಸಬೇಕು. ಊಟದ ತಟ್ಟೆಯ ಪರವಾಗಿ ನಾನು ಇಷ್ಟು ವಾದಿಸುವುದು ಸುಮ್ಮನೆ ಅಲ್ಲ.

ಮೇಲ್ಮೈಯನ್ನು ಸೋಕಿ ಕುಡಿಯುವ ಪ್ರಾಣಿಗೆ ಅಗಲ ಬಾಯಿಯ, ಅಂಚಿನವರೆಗೆ ತುಂಬಿದ ಬಟ್ಟಲು ಅನುಕೂಲ. ಆಳದಲ್ಲಿ ನೀರಿರುವ ಕಿರಿದಾದ ಲೋಟದಂಥ ಪಾತ್ರೆಯಲ್ಲಿ ಮೀಸೆ ಎರಡೂ ಬದಿಗೆ ತಾಗುತ್ತದೆ, ತಲೆ ಒಳಗೆ ಹೋದರೆ ಸುತ್ತಲೇನು ನಡೆಯುತ್ತಿದೆ ಎಂಬುದು ಕಾಣುವುದಿಲ್ಲ. ಪಿಂಗಾಣಿ, ಗಾಜು, ಸ್ಟೀಲ್ ಮೂರೂ ಆಗಬಹುದು. ಪ್ಲಾಸ್ಟಿಕ್ ಬೇಡ. ಅದರ ಗೀರುಗಳಲ್ಲಿ ಕೊಳೆ, ವಾಸನೆ ಕೂರುತ್ತವೆ. ಕೆಲವು ಬೆಕ್ಕುಗಳ ಗಲ್ಲದ ಮೇಲೆ ಏಳುವ ಕಪ್ಪು ಚುಕ್ಕೆ, ಗುಳ್ಳೆಗಳಿಗೂ ಪ್ಲಾಸ್ಟಿಕ್ ಬಟ್ಟಲಿಗೂ ನಂಟಿದೆ ಎಂದು ಪಶುವೈದ್ಯರು ಶಂಕಿಸುತ್ತಾರೆ. ಬಟ್ಟಲಿನ ಒಳಬದಿಗೆ ಬೆರಳು ಎಳೆದು ನೋಡಿ. ಜಾರುವ ಲೋಳೆ ಹತ್ತಿದರೆ ನೀರನ್ನು ಮಾತ್ರ ಚೆಲ್ಲಿ ಮತ್ತೆ ತುಂಬಿಸಿ ಪ್ರಯೋಜನವಿಲ್ಲ, ಉಜ್ಜಿ ತೊಳೆಯಬೇಕು. ದಿನಕ್ಕೊಮ್ಮೆ ತೊಳೆದರೆ ಆ ಲೋಳೆ ಕಟ್ಟುವುದೇ ಇಲ್ಲ. ಸೋಪಿನ ವಾಸನೆ ಉಳಿಯದಂತೆ ನೋಡಿಕೊಳ್ಳಿ. ನಲ್ಲಿ ನೀರಿಗೆ ಕ್ಲೋರಿನ್ ಘಾಟು ಇದ್ದರೆ ತೆರೆದ ಪಾತ್ರೆಯಲ್ಲಿ ಒಂದು ರಾತ್ರಿ ಬಿಟ್ಟು ಬಳಸಿ.

ಎಲ್ಲಿ ಇಡಬೇಕು ಎಂಬುದು ಬಟ್ಟಲಿಗಿಂತ ಮುಖ್ಯ. ಊಟದ ತಟ್ಟೆಗೆ ಅಂಟಿಸಿ ನೀರಿನ ಬಟ್ಟಲು ಇಡುವುದು ನಮ್ಮ ಅಭ್ಯಾಸ, ಬೆಕ್ಕಿನದಲ್ಲ. ಬಹಳಷ್ಟು ಬೆಕ್ಕುಗಳು ಊಟದಿಂದ ದೂರ, ಓಡಾಡುವ ದಾರಿಯಲ್ಲಿ ಸಿಕ್ಕ ನೀರನ್ನೇ ಹೆಚ್ಚು ಕುಡಿಯುತ್ತವೆ. ಲಿಟರ್ ಬಾಕ್ಸ್ (ಬೆಕ್ಕಿನ ಮಲಮೂತ್ರಕ್ಕೆಂದು ಮಣ್ಣು ತುಂಬಿಟ್ಟ ತೊಟ್ಟಿ) ಪಕ್ಕ ಖಂಡಿತ ಬೇಡ. ಗುಡುಗುವ ವಾಷಿಂಗ್ ಮಷೀನಿನ ಬಳಿಯೂ ಬೇಡ. ಎಷ್ಟು ಬೆಕ್ಕುಗಳಿವೆಯೋ ಅದಕ್ಕಿಂತ ಒಂದು ಹೆಚ್ಚು ಬಟ್ಟಲು ಇಡಿ, ಒಂದರ ಬಳಿ ಕುಳಿತವರಿಗೆ ಇನ್ನೊಂದು ಕಾಣದ ಹಾಗೆ. ಗುಂಡನಿಗೆ ಬಾಗಿಲ ನಡುವೆ ಅಡ್ಡ ಮಲಗುವ ಚಾಳಿ. ನೋಡಿದವರಿಗೆ ಸೋಮಾರಿತನ, ಬೂದಿಯ ಕಣ್ಣಿಗೆ ಅದು ಸುಂಕದ ಕಟ್ಟೆ. ಜಗಳ ಎಂದೂ ಆಗುವುದಿಲ್ಲ, ಅವಳು ಸುಮ್ಮನೆ ಹಿಂದಿರುಗುತ್ತಾಳೆ. ಅವಳು ಮಲಗುವ ಕೋಣೆಯಲ್ಲೇ ಒಂದು ಬಟ್ಟಲು ಇಟ್ಟ ಮೇಲೆ ಆ ತೊಡಕು ತೀರಿತು.

ಕಾರಂಜಿ ಕೊಳ್ಳಬೇಕೇ? ನಲ್ಲಿ ಬಿಟ್ಟ ಸದ್ದಿಗೆ ಓಡಿಬರುವ ಬೆಕ್ಕಾದರೆ ಪ್ರಯತ್ನಿಸಿ. ಕೆಲವಕ್ಕೆ ಹರಿಯುವ ನೀರು ಪ್ರಾಣ, ಕೆಲವಕ್ಕೆ ನಿಂತ ನೀರೇ ಇಷ್ಟ, ಇನ್ನು ಕೆಲವು ಪಂಪಿನ ಗುಂಯ್ ಸದ್ದಿಗೆ ಹೆದರುತ್ತವೆ. ಕೊಂಡರೆ ಅದರ ಜೀತವೂ ನಿಮ್ಮದೇ. ವಾರಕ್ಕೊಮ್ಮೆಯಾದರೂ ಪೂರ್ತಿ ಬಿಚ್ಚಿ, ಪಂಪಿನ ಒಳಗಿನ ಪುಟ್ಟ ಚಕ್ರಕ್ಕೆ ಸುತ್ತಿಕೊಂಡ ಕೂದಲು, ಲೋಳೆ ತೆಗೆಯಬೇಕು. ಆಗಾಗ ಫಿಲ್ಟರನ್ನೂ ಬದಲಿಸಬೇಕು. ಕರೆಂಟ್ ಹೋದಾಗಿನ ಉಪಯೋಗಕ್ಕೆ ಒಂದು ಸಾದಾ ಬಟ್ಟಲು ಪಕ್ಕದಲ್ಲಿರಲಿ.

ಬಟ್ಟಲು ಬಿಟ್ಟು ಬೇರೆಲ್ಲ ಕಡೆ ಕುಡಿಯುವುದೂ ಬೆಕ್ಕಿನ ಗುಣ. ಬಕೆಟ್ಟಿನ ನೀರು, ಗಿಡದ ತಟ್ಟೆಯ ನೀರು, ಹೂದಾನಿಯ ನೀರು. ಲಿಲಿ ಹೂವಿದ್ದ ಹೂದಾನಿಯ ವಿಚಾರದಲ್ಲಿ ಮಾತ್ರ ತಮಾಷೆ ಬೇಡ. ಲಿಲಿಯ ಎಲೆ, ಹೂವು, ಮೈಗೆ ಅಂಟಿ ನಾಲಿಗೆಗೆ ಹೋದ ಪರಾಗ, ಕೊನೆಗೆ ಆ ಹೂದಾನಿಯ ನೀರು ಕೂಡ ಬೆಕ್ಕಿನ ಮೂತ್ರಪಿಂಡಗಳನ್ನು ಒಂದೆರಡು ದಿನಗಳಲ್ಲಿ ಹಾಳುಮಾಡಬಲ್ಲವು. ಬೆಕ್ಕಿರುವ ಮನೆಗೆ ಲಿಲಿ ಬರಲೇಬಾರದು. ಕುಡಿದ ಅನುಮಾನ ಬಂದರೂ ಲಕ್ಷಣಕ್ಕೆ ಕಾಯದೆ ಆಸ್ಪತ್ರೆಗೆ ಹೊರಡಿ. ನೆಲ ಒರೆಸುವ ಫಿನಾಯಿಲ್ ಬೆರೆಸಿದ ಬಕೆಟ್ಟನ್ನೂ ಮುಚ್ಚದೆ ಬಿಡಬೇಡಿ.

ಎಷ್ಟು ಕುಡಿಯಿತು ಎಂದು ಅಳೆಯುವುದು ಕಷ್ಟವೇನಲ್ಲ. ಔಷಧದಂಗಡಿಯ ಬುದ್ಧಿ ಇಲ್ಲಿ ಕೆಲಸಕ್ಕೆ ಬರುತ್ತದೆ. ಒಂದೇ ಅಳತೆಯ ಎರಡು ಬಟ್ಟಲು ತೆಗೆದುಕೊಳ್ಳಿ. ಎರಡಕ್ಕೂ ಅಳೆದು 400 ಮಿಲಿಲೀಟರ್ ನೀರು ಹಾಕಿ. ಒಂದು ಬೆಕ್ಕಿಗೆ. ಇನ್ನೊಂದನ್ನು ಅದೇ ಕೋಣೆಯಲ್ಲಿ ತಂತಿಬುಟ್ಟಿ ಕವುಚಿ, ಬಾಯಿ ಹಾಕಲಾಗದಂತೆ ಇಡಿ. ಮರುದಿನ ಅದೇ ಹೊತ್ತಿಗೆ ಎರಡನ್ನೂ ಅಳತೆಯ ಜಾಡಿಗೆ ಸುರಿಯಿರಿ. ಬುಟ್ಟಿಯಡಿಯದು 385ಕ್ಕೆ ಇಳಿದಿದ್ದರೆ 15 ಮಿಲಿಲೀಟರ್ ಆವಿಯಾಯಿತು. ಬೆಕ್ಕಿನದು 310 ಇದ್ದರೆ, ಹೋದ 90ರಲ್ಲಿ 15 ಕಳೆದು 75 ಹೊಟ್ಟೆಗೆ ಸೇರಿದ್ದು. ಫ್ಯಾನಿನ ಕೆಳಗೆ, ಬೇಸಿಗೆಯಲ್ಲಿ, ಈ ಆವಿಯ ಬಾಬತ್ತು ಸಣ್ಣದಲ್ಲ. ಅದನ್ನು ಬಿಟ್ಟು ಲೆಕ್ಕ ಹಾಕಿದರೆ ನಿಮಗೆ ಇಲ್ಲದ ಸಮಾಧಾನ ಸಿಗುತ್ತದೆ. ಬಕೆಟ್ಟು, ನಲ್ಲಿಗಳ ಬಾಗಿಲು ಮುಚ್ಚಿ, ಮೂರ್ನಾಲ್ಕು ದಿನದ ಸರಾಸರಿ ತೆಗೆಯಿರಿ.

ಅಳೆಯುವ ಪುರುಸೊತ್ತು ಇಲ್ಲದವರಿಗೆ ಲಿಟರ್ ಬಾಕ್ಸ್ ಸಾಕು. ಮೂತ್ರ ಬಿದ್ದಲ್ಲಿ ಉಂಡೆಗಟ್ಟುವ ಬಗೆಯ ಮಣ್ಣು ಬಳಸುವವರಾದರೆ ದಿನವೂ ಎಷ್ಟು ಉಂಡೆ, ಎಷ್ಟು ಗಾತ್ರ ಎಂದು ಕಣ್ಣಿಡಿ. ದಿನಕ್ಕೆ ಎರಡರಿಂದ ನಾಲ್ಕು ಉಂಡೆ ಸಾಮಾನ್ಯ. ನಿಮ್ಮ ಬೆಕ್ಕಿನ ವಾಡಿಕೆ ತಿಳಿದಿದ್ದರೆ ಅದರಿಂದ ಆಚೀಚೆ ಆದದ್ದು ತಕ್ಷಣ ಕಾಣುತ್ತದೆ. ಉಂಡೆಗಳು ಕಿರಿದಾಗುತ್ತಾ, ವಾಸನೆ ತೀಕ್ಷ್ಣವಾಗುತ್ತಾ ಹೋದರೆ ನೀರು ಕಡಿಮೆಯಾಗಿದೆ. ಮಲ ಒಣಗಿದ ಗಟ್ಟಿ ಗೋಲಿಗಳಾಗಿ ಬಿದ್ದರೂ ಅದೇ ಅರ್ಥ.

ಬೆಕ್ಕಿನ ಮೈ ನೋಡಿ ತಿಳಿಯುವುದು ಹೇಗೆ? ತುಟಿ ಎತ್ತಿ ವಸಡನ್ನು ಬೆರಳಿನಿಂದ ಮುಟ್ಟಿ. ಒದ್ದೆಯಾಗಿ ಜಾರಬೇಕು, ಎಂಜಲು ಹಚ್ಚಿದ ಅಂಚೆಚೀಟಿಯಂತೆ ಬೆರಳಿಗೆ ಅಂಟಿದರೆ ನೀರು ಸಾಲದು. ಭುಜಗಳ ನಡುವಿನ ಚರ್ಮವನ್ನು ಎರಡು ಬೆರಳಿನಲ್ಲಿ ಎತ್ತಿ ಬಿಟ್ಟಾಗ ತಟ್ಟನೆ ಸ್ವಸ್ಥಾನಕ್ಕೆ ಮರಳಬೇಕು. ಎಲ್ಲರೂ ಹೇಳುವ ಈ ಚರ್ಮದ ಪರೀಕ್ಷೆಯ ಮೇಲೆ ನನಗೆ ಪೂರ್ತಿ ನಂಬಿಕೆಯಿಲ್ಲ. ಮುದಿ ಬೆಕ್ಕಿನ, ಸೊರಗಿದ ಬೆಕ್ಕಿನ ಚರ್ಮ ನೀರು ಸಾಕಷ್ಟಿದ್ದರೂ ನಿಧಾನ. ದಪ್ಪ ಬೆಕ್ಕಿನದು ನೀರು ಕಡಿಮೆಯಿದ್ದರೂ ಚುರುಕು. ಮೇಲಾಗಿ ಚರ್ಮ ನಿಧಾನವಾಗುವ ಹೊತ್ತಿಗೆ ದೇಹತೂಕದ ಶೇಕಡಾ 5ರಷ್ಟು ನೀರು ಆಗಲೇ ಹೋಗಿರುತ್ತದೆ. ವಸಡಿನ ಜೊತೆಗೆ ಗುಳಿಬಿದ್ದ ಕಣ್ಣು, ಮಂಕು, ಊಟ ಬೇಡವೆನ್ನುವುದು ಸೇರಿದ್ದರೆ ಮನೆಮದ್ದಿನ ಕಾಲ ಮುಗಿಯಿತು. ವಾಂತಿ, ಭೇದಿಯಾಗುತ್ತಿರುವ ಮರಿಗಳಿಗಂತೂ ಗಂಟೆಗಳೂ ದೊಡ್ಡವು.

ಎಲ್ಲಕ್ಕಿಂತ ತುರ್ತಿನದು ಇನ್ನೊಂದು. ಗಂಡು ಬೆಕ್ಕು ಲಿಟರ್ ಬಾಕ್ಸಿಗೆ ಪದೇ ಪದೇ ಹೋಗಿ ತಿಣುಕುತ್ತಿದ್ದು, ಮೂತ್ರ ಬಾರದೆ ಅಥವಾ ಹನಿಯಷ್ಟೇ ಬಂದು, ಕೂಗುತ್ತಿದ್ದರೆ, ಮೂತ್ರನಾಳ ಕಟ್ಟಿಕೊಂಡಿರಬಹುದು. ನೋಡಿದವರಿಗೆ ಮಲಬದ್ಧತೆಯಂತೆ ಕಾಣುತ್ತದೆ, ಅಲ್ಲೇ ಮೋಸ ಹೋಗುವುದು. ನೀರು ಕುಡಿಸುತ್ತಾ ಕೂರಬೇಡಿ, ಬೆಳಗಾಗಲಿ ಎನ್ನಬೇಡಿ. ಒಂದೆರಡು ದಿನದಲ್ಲಿ ಪ್ರಾಣವೇ ಹೋಗುವ ಸ್ಥಿತಿ ಅದು.

ಸಿರಿಂಜಿನಿಂದ ಬಾಯಿಗೆ ನೀರು ಹಾಕುವವರನ್ನು ಕಂಡರೆ ನನಗೆ ಎದೆ ಡವಡವ. ತಲೆ ಹಿಂದಕ್ಕೆ ಬಾಗಿಸಿ ಒಮ್ಮೆಗೇ ಒತ್ತಿದರೆ ನೀರು ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯಾ ಆಗಬಹುದು. ಪಶುವೈದ್ಯರು ಹಾಕಲು ಹೇಳಿದ್ದರೆ ಮಾತ್ರ, ತಲೆ ನೆಟ್ಟಗಿರುವಂತೆ ಹಿಡಿದು, ಕೆನ್ನೆಯ ಬದಿಯಿಂದ ಹನಿಹನಿಯಾಗಿ ಬಿಟ್ಟು, ನುಂಗುವುದನ್ನು ನೋಡಿ ಮುಂದುವರಿಯಿರಿ. ನಮ್ಮ ಓಆರ್‌ಎಸ್ ಪುಡಿಯನ್ನೂ ಅವರನ್ನು ಕೇಳದೆ ಕೊಡಬೇಡಿ.

ನೀರು ಕಡಿಮೆ ಎಂದು ಗಾಬರಿಯಾಗುವವರು, ಬೆಕ್ಕು ಇದ್ದಕ್ಕಿದ್ದಂತೆ ಹೆಚ್ಚು ಕುಡಿಯತೊಡಗಿದರೆ ಸಂತೋಷಪಡುತ್ತಾರೆ. ನಾನು ಹೆಚ್ಚು ಹೆದರುವುದು ಅದಕ್ಕೇ. ಮೂತ್ರಪಿಂಡದ ದೀರ್ಘಕಾಲದ ಕಾಯಿಲೆ, ಮಧುಮೇಹ, ಥೈರಾಯ್ಡ್ ಗ್ರಂಥಿಯ ಅತಿಚಟುವಟಿಕೆ, ಮೂರೂ ವಯಸ್ಸಾದ ಬೆಕ್ಕುಗಳಲ್ಲಿ ಹೆಚ್ಚು, ಮೂರರಲ್ಲೂ ಬಾಯಾರಿಕೆ ಏರುತ್ತದೆ, ತೂಕ ಇಳಿಯುತ್ತದೆ. ಬಟ್ಟಲಿನಿಂದಲೇ ದಿನಕ್ಕೆ ಕಿಲೋಗೆ 50 ಮಿಲಿಲೀಟರ್‌ಗಿಂತ ಹೆಚ್ಚು ಕುಡಿಯುತ್ತಿದ್ದರೆ, ಅಥವಾ ಲಿಟರ್ ಉಂಡೆಗಳು ದಿಢೀರನೆ ದಪ್ಪವಾದರೆ, ರಕ್ತ ಮತ್ತು ಮೂತ್ರದ ಪರೀಕ್ಷೆ ಮಾಡಿಸಿ. ಬಟ್ಟಲು ತೆಗೆದಿಟ್ಟು ಕುಡಿತ ತಗ್ಗಿಸುವ ಯೋಚನೆ ಮಾತ್ರ ಬೇಡ. ಆ ಬೆಕ್ಕು ಕುಡಿಯುತ್ತಿರುವುದು ಮೂತ್ರದಲ್ಲಿ ಹೋದದ್ದನ್ನು ತುಂಬಿಕೊಳ್ಳಲು.

ಬೂದಿಯ ಮೂತ್ರಪಿಂಡಗಳೂ ಈಗ ಮೊದಲಿನಂತಿಲ್ಲ. ಪಶುವೈದ್ಯರು ಕಲಿಸಿಕೊಟ್ಟಂತೆ, ಅವರು ಹೇಳಿದ ದಿನಗಳಲ್ಲಿ, ಹೇಳಿದ ಪ್ರಮಾಣದಲ್ಲಿ ಚರ್ಮದಡಿಗೆ ದ್ರವ ಕೊಡುತ್ತೇನೆ. ಭುಜಗಳ ನಡುವೆ ಚರ್ಮವನ್ನು ಗುಡಾರದಂತೆ ಎತ್ತಿ ಸೂಜಿ ಇಟ್ಟರೆ ದ್ರವ ಒಂದು ಮೆತ್ತನೆಯ ಉಬ್ಬಾಗಿ ನಿಂತು, ಕೆಲವು ಗಂಟೆಗಳಲ್ಲಿ ಮೈಗೆ ಇಳಿಯುತ್ತದೆ. ಕೇಳಲು ಭಯಾನಕ, ಅಭ್ಯಾಸವಾದ ಮೇಲೆ ಉಗುರು ಕತ್ತರಿಸುವುದಕ್ಕಿಂತ ಸುಲಭ. ಅವಳಿಗೆ ಕೀಲುನೋವೂ ಇರುವುದರಿಂದ ಮೆಟ್ಟಿಲು ಹತ್ತಿ ನೀರು ಹುಡುಕುವ ಕೆಲಸ ತಪ್ಪಿಸಿದ್ದೇನೆ. ಪ್ರತಿ ಮಹಡಿಯಲ್ಲೂ ಒಂದು ಬಟ್ಟಲಿದೆ, ಕುತ್ತಿಗೆ ಪೂರ್ತಿ ಬಗ್ಗಿಸಬೇಕಾಗದ ಹಾಗೆ ಒಂದು ಸಣ್ಣ ಮಣೆಯ ಮೇಲೆ.

ಊರಿಗೆ ಹೋಗುವಾಗ ಬೆಕ್ಕು ನೋಡಿಕೊಳ್ಳುವವರಿಗೆ ಇದನ್ನೆಲ್ಲ ಬಾಯಲ್ಲಿ ಹೇಳಿ ಹೋಗಬೇಡಿ. ಫ್ರಿಜ್ ಬಾಗಿಲಿಗೆ ಚೀಟಿ ಅಂಟಿಸಿ: ಊಟಕ್ಕೆ ಎಷ್ಟು ಚಮಚ ನೀರು, ಯಾವ ಯಾವ ಕೋಣೆಯಲ್ಲಿ ಬಟ್ಟಲು, ದಿನಕ್ಕೆ ಎಷ್ಟು ಉಂಡೆ ಸಹಜ, ಉಂಡೆ ಬೀಳದಿದ್ದರೆ ಯಾರಿಗೆ ಫೋನ್ ಮಾಡಬೇಕು. ನನ್ನ ಚೀಟಿಯಲ್ಲಿ ಇನ್ನೊಂದು ಸಾಲು ಇರುತ್ತದೆ: ಗುಂಡ ಬಚ್ಚಲುಮನೆಯ ಬಾಗಿಲಲ್ಲಿ ಕುಳಿತು ಕೂಗಿದರೆ ನಲ್ಲಿಯನ್ನು ಸಣ್ಣಗೆ ಬಿಡಿ, ಅವನು ಕುಡಿದು ಎದ್ದ ಮೇಲೆ ನಿಲ್ಲಿಸಲು ಮರೆಯಬೇಡಿ.